ಎರಡು ಟಿಬಿಯ ಮೂಟೆ

ಒಂದು ಟಿಬಿಯ ಎಸ್‌ಎಸ್‌ಡಿಗೆ ನನಗೆ ಬಿದ್ದದ್ದು ಏಳು ಸಾವಿರದ ನೂರು ರೂಪಾಯಿ. ಅಂಗಡಿಯವನು ಮೊದಲ ದಿನ ಹೇಳಿದ ಬೆಲೆ ಐದು ಸಾವಿರದ ಇನ್ನೂರು. ನಡುವಿನ ಸಾವಿರದ ಒಂಬೈನೂರು ನನ್ನ ಜಾಣತನಕ್ಕೆ ಆದ ಖರ್ಚು. ಚೌಕಾಸಿ ಬಾರದ ಪೆದ್ದನಾಗಿದ್ದರೆ ನಾನೂ ಎಲ್ಲರಂತೆ ಐದು ಸಾವಿರದ ಇನ್ನೂರಕ್ಕೇ ತಂದುಬಿಡುತ್ತಿದ್ದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಕಂಪ್ಯೂಟರಿನಲ್ಲಿ ಸರಕು ಇಡುವ ಜಾಗಕ್ಕೆ ಡ್ರೈವ್ ಎನ್ನುತ್ತಾರೆ. ಅದರಲ್ಲಿ ಎರಡು ಜಾತಿ. ಹಾರ್ಡ್ ಡಿಸ್ಕ್ ಎಂಬುದು ಗೋಡೌನು. ಅಗ್ಗ, ವಿಶಾಲ, ಆದರೆ ಒಂದು ಮೂಟೆ ಹೊರಗೆ ಬರಬೇಕಾದರೆ ಹಮಾಲಿ ಬೀಡಿ ಆರಿಸಿ, ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದು ಬರಬೇಕು. ಎಸ್‌ಎಸ್‌ಡಿ ಎಂಬುದು ಗಲ್ಲಾಪೆಟ್ಟಿಗೆಯ ಪಕ್ಕದ ಶೆಲ್ಫು. ಕೈ ಚಾಚಿದರೆ ಸಾಮಾನು. ಜಿಬಿ ಎಂದರೆ ಕೇಜಿ, ಟಿಬಿ ಎಂದರೆ ಟನ್ನು ಅಂದುಕೊಳ್ಳಿ, ಲೆಕ್ಕ ಸರಿಹೋಗುತ್ತದೆ. ಇಷ್ಟು ತಿಳಿದಿದ್ದರೆ ವ್ಯಾಪಾರಕ್ಕೆ ಇಳಿಯಬಹುದು. ನಾನು ಇಳಿದಾಗ ನನಗೆ ಇಷ್ಟೂ ತಿಳಿದಿರಲಿಲ್ಲ ಎಂಬುದು ಬೇರೆ ಮಾತು. ಆದರೆ ಬೆಲೆ ಕೇಳಲು ತಿಳಿವಳಿಕೆ ಏಕೆ ಬೇಕು?

ನಗಬೇಡಿ. ಗುಂಡ್ಲುಪೇಟೆಯಲ್ಲಿ ಚೌಕಾಸಿಗೆಂದು ನನ್ನನ್ನು ಜೊತೆಗೆ ಕರೆದುಕೊಂಡು ಹೋಗುವವರಿದ್ದಾರೆ. ಮದುವೆ ಸೀರೆಗೆ, ಹಳೆಯ ಬೈಕಿಗೆ, ಬೋರ್‌ವೆಲ್ ಮೋಟರಿಗೆ, ಒಮ್ಮೆ ಒಬ್ಬರ ಹಲ್ಲು ಕಟ್ಟಿಸುವ ವ್ಯವಹಾರಕ್ಕೂ ಹೋಗಿ ಡಾಕ್ಟರನ್ನು ಅರ್ಧಕ್ಕೆ ಇಳಿಸಿ ಬಂದಿದ್ದೇನೆ. ಆ ಹಲ್ಲು ಆಮೇಲೆ ಏನಾಯಿತು ಎಂದು ಕೇಳಬಾರದು. ಈರುಳ್ಳಿ ಮಂಡಿಯಲ್ಲಿ ಮೂಟೆಯಿಂದ ಉದುರಿದ ಗೆಡ್ಡೆಗಳನ್ನು ಆಯ್ದು, ಗುಡ್ಡೆ ಹಾಕಿ ಮಾರಿ ಮೇಲೆ ಬಂದವನು ನಾನು. ಶಾಲೆಯಲ್ಲಿ ನನ್ನ ಕೈಯ ವಾಸನೆಗೆ ಪಕ್ಕದವನು ಬೆಂಚಿನ ತುದಿಗೆ ಸರಿಯುತ್ತಿದ್ದ. ಇವತ್ತು ಅದೇ ಮಂಡಿಯಲ್ಲಿ ನನಗೊಂದು ಮಳಿಗೆ ಇದೆ, ಆ ಪಕ್ಕದವನು ನನ್ನ ಹತ್ತಿರವೇ ಈರುಳ್ಳಿ ಕೊಳ್ಳುತ್ತಾನೆ. ಅವನಿಗೆ ನಾನು ಒಂದು ರೂಪಾಯಿಯನ್ನೂ ಬಿಡುವುದಿಲ್ಲ.

ಕಂಪ್ಯೂಟರ್ ನನ್ನ ಮಗಳು ಚೈತ್ರಳದು. ಬಿ.ಕಾಂ. ಓದುತ್ತಾಳೆ, ಬಿಡುವಿನಲ್ಲಿ ಗೇಮ್ ಆಡುತ್ತಾಳೆ. ಎರಡರಲ್ಲಿ ಬಿಡುವು ಯಾವುದು ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮೈಸೂರಿನಲ್ಲಿ ಯಾರೋ ಗೇಮಿಂಗ್ ಸೆಂಟರ್ ಮುಚ್ಚುತ್ತಿದ್ದಾಗ ಆ ಕಂಪ್ಯೂಟರನ್ನು ತಂದವನು ನಾನೇ. ಹಿಂಡಿ ಹಿಂಡಿ ಬೆಲೆ ಇಳಿಸಿದ ಮೇಲೆ ಮಾಲೀಕ ಒಂದು ತಿರುಗುವ ಕುರ್ಚಿಯನ್ನೂ ಸುಮ್ಮನೆ ಕೊಟ್ಟ. ಮನೆಗೆ ತಂದು ನೋಡಿದರೆ ಅದಕ್ಕೆ ಒಂದು ಚಕ್ರ ಇರಲಿಲ್ಲ. ಅದರ ಕೆಳಗೆ ಇಟ್ಟಿಗೆ ಚೂರು ಇಟ್ಟುಕೊಂಡು ಅವಳು ಆಡುತ್ತಾಳೆ. ಒಳಗಿದ್ದ ಡ್ರೈವು ಚಿಕ್ಕದು, ಇನ್ನೂರೈವತ್ತಾರು ಜಿಬಿ. ಈಗಿನ ಗೇಮುಗಳು ಒಂದೊಂದೇ ನೂರು ಜಿಬಿ ನುಂಗುತ್ತವಂತೆ. ಒಂದನ್ನು ಹಾಕಬೇಕಾದರೆ ಇನ್ನೊಂದನ್ನು ಅಳಿಸಬೇಕು. ಅಳಿಸಲಾಗದ್ದೊಂದು ಅದರಲ್ಲಿತ್ತು. ಈ ಕತೆಯಲ್ಲಿ ನನ್ನ ದುಡ್ಡಿಗಿಂತ ದೊಡ್ಡದು ಅದೇ.

ಅದೊಂದು ಇಟ್ಟಿಗೆ ಇಟ್ಟಿಗೆ ಜೋಡಿಸಿ ಏನು ಬೇಕಾದರೂ ಕಟ್ಟಬಹುದಾದ ಗೇಮು. ಅದರಲ್ಲಿ ಚೈತ್ರ ನಮ್ಮ ಅಪ್ಪನ ಟೀ ಅಂಗಡಿ ಕಟ್ಟುತ್ತಿದ್ದಳು. ಹೆದ್ದಾರಿಯ ಅಂಚಿನಲ್ಲಿದ್ದ ಅಂಗಡಿ ಅದು. ಕತ್ತಲಾದ ಮೇಲೆ ಬಂಡೀಪುರದ ಗೇಟು ಹಾಕಿದರೆ ಕೇರಳದ ಲಾರಿಗಳು ಬೆಳಗಿನ ತನಕ ನಮ್ಮೂರಲ್ಲಿ ಸಾಲು ನಿಲ್ಲುತ್ತಿದ್ದವು. ಅಪ್ಪ ಟೀ ಕಾಯಿಸುತ್ತಿದ್ದರು, ಅವ್ವ ಲೋಟ ತೊಳೆದು ಡ್ರೈವರುಗಳಿಗೆ ಕೊಡುತ್ತಿದ್ದಳು. ಅವ್ವನಿಗೆ ಬರುವ ಮಲಯಾಳ ಇವತ್ತಿಗೂ ಎರಡೇ ಮಾತು: ಚಾಯ, ಹಾಲು ಹಾಕದಿದ್ದರೆ ಕಟ್ಟನ್ ಚಾಯ. ರಸ್ತೆ ಅಗಲ ಮಾಡುವಾಗ ಜೆಸಿಬಿ ಬಂದು ಅಂಗಡಿಯನ್ನು ಕೆಡವಿತು. ಅಪ್ಪ ಅದಾಗಿ ಬಹಳ ಕಾಲ ಇರಲಿಲ್ಲ. ಅಂಗಡಿಯ ಒಂದು ಫೋಟೋವೂ ನಮ್ಮ ಹತ್ತಿರ ಇಲ್ಲ. ಟೀ ಅಂಗಡಿಯ ಫೋಟೋ ಯಾರು ತೆಗೆದಿಡುತ್ತಾರೆ?

ಹಾಗಾಗಿ ಅವ್ವನೇ ನಕ್ಷೆ. ಚೈತ್ರಳ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಮೇಸ್ತ್ರಿ ಕೆಲಸ ಮಾಡುತ್ತಿದ್ದಳು.

"ಅಲ್ಲಲ್ಲ ಕಣಮ್ಮಿ, ಒಲೆ ಆ ಕಡೀಕಿತ್ತು. ಇಲ್ಲಿಗೆ ಇಟ್ರೆ ಒಗೆ ಎಲ್ಲ ಗಿರಾಕಿ ಕಣ್ಣಿಗೆ ಒಡೀತದೆ."

"ಅಜ್ಜಿ, ಗೇಮಲ್ಲಿ ಹೊಗೆ ಕಣ್ಣಿಗೆ ಹೊಡಿಯಲ್ಲ."

"ನಿಂಗೆ ಒಡಿಯಕ್ಕಿಲ್ಲ. ಕುಂತಿರೋರ್ಗೆ ಒಡೀತದೆ. ಆ ಕಡೀಕೆ ಆಕು."

ಒಲೆ ಆ ಕಡೆಗೆ ಹೋಯಿತು. ಲೋಟದ ವಿಷಯಕ್ಕೆ ದೊಡ್ಡ ಜಗಳವೇ ಆಯಿತು. ಆ ಗೇಮಿನಲ್ಲಿ ಲೋಟ ಇಲ್ಲವಂತೆ, ಬಕೆಟ್ಟು ಮಾತ್ರ ಇದೆಯಂತೆ.

"ಬಕೆಟ್ನಲ್ಲಿ ಟೀ ಕುಡಿಯಾಕೆ ಡ್ರೈವರ್‌ಗಳೇನು ಎಮ್ಮೆಗಳಾ? ಬುಡು, ಒಂದ್ ಉವ್ವಿನ ಕುಂಡನಾದ್ರೂ ಇಡು."

ಆ ಗೇಮಿನಲ್ಲಿ ಕತ್ತಲಾದರೆ ಹೆಣಗಳು ಎದ್ದು ಬರುತ್ತವೆ. ಮೊದಲ ಸಲ ಬಂದಾಗ ನಾನು ಹೌಹಾರಿದೆ. ಅವ್ವ ಕದಲಲಿಲ್ಲ. "ನೈಟ್ ಬೀಟ್ ಪೋಲಿಸ್ನೋರ್ಗೆ ಪುಕ್ಕಟೆ ಟೀ ಕೊಟ್ಟೋಳು ನಾನು, ಇವ್ಕೆ ಎದರ್ಕತೀನಾ?" ಎಂದಳು. ಕಟ್ಟುವ ಕೆಲಸ ಹೀಗೇ ಎರಡು ವರ್ಷ ನಡೆದಿತ್ತು. ಮೊಣಕಾಲು ನೋವೆಂದು ಹಾಸಿಗೆ ಬಿಟ್ಟೇಳದಿದ್ದ ಅವ್ವ ಈಗ ಸಂಜೆಯಾದರೆ ತಾನೇ ಗೋಡೆ ಹಿಡಿದುಕೊಂಡು ಬಂದು, "ನಡಿಯಮ್ಮಿ, ಅಂಗ್ಡಿಗೆ ಓಗನ," ಎನ್ನುತ್ತಿದ್ದಳು.

ಡ್ರೈವು ತುಂಬಿ, ಕಂಪ್ಯೂಟರು ಎಮ್ಮೆಯ ಹಾಗೆ ಮಲಗಿ, ಅಂಗಡಿಗೆ ಒಂದು ಇಟ್ಟಿಗೆ ಹೆಚ್ಚಿಗೆ ಇಡಲಾಗದ ಸ್ಥಿತಿ ಬಂದಾಗ ಚೈತ್ರ ನನಗೆ ಹೇಳಿದಳು: "ಅಪ್ಪ, ಚಾಮರಾಜನಗರದಲ್ಲಿ ನಯಾಜ್ ಅಂತ ಒಬ್ರು ಅಂಗಡಿ ಇಟ್ಟಿದಾರೆ. ಒಂದು ಟಿಬಿ ಸಾಟಾ ಎಸ್‌ಎಸ್‌ಡಿ ಅಂತ ಕೇಳು. ಒಳಗಡೆ ಕೂರಿಸೋದು. ಚೌಕಾಸಿ ಮಾಡ್ಬೇಡ."

ಕೊನೆಯ ಮಾತನ್ನು ಅವಳು ಹೇಳಬಾರದಿತ್ತು.

ಇಲ್ಲಿ ನನ್ನ ಕತ್ತಿನ ವಿಚಾರ ಸ್ವಲ್ಪ ಹೇಳಬೇಕು. ನಾನು ಚಿಕ್ಕವನಿದ್ದಾಗ ಅಪ್ಪ ಚಪ್ಪಲಿ ಕೊಡಿಸಲೆಂದು ನನ್ನನ್ನು ಇದೇ ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿದ್ದರು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಅಪ್ಪ ಅರ್ಧ ಬೆಲೆ ಕೇಳಿದರು, ಅಂಗಡಿಯವನು ತಲೆ ಅಲ್ಲಾಡಿಸಿದ. ಅಪ್ಪ ನನ್ನ ಕೈ ಹಿಡಿದು ದರದರ ಎಳೆದುಕೊಂಡು ರಸ್ತೆಗಿಳಿದರು. "ತಿರುಗಿ ನೋಡ್ಬ್ಯಾಡ ಕಣ್ಲಾ. ನೀನು ನೋಡುದ್ರೆ ಅವ್ನು ಕರೆಯಕ್ಕಿಲ್ಲ." ನನಗೆ ತಡೆಯಲಾಗಲಿಲ್ಲ. ಆ ನೀಲಿ ಪಟ್ಟಿಯನ್ನು ತಿರುಗಿ ನೋಡಿಬಿಟ್ಟೆ. ಅಂಗಡಿಯವನು ನನ್ನ ಮುಖ ನೋಡಿ ನಕ್ಕು ಆರಾಮಾಗಿ ಕೂತುಕೊಂಡ. ಅಪ್ಪ ವಾಪಸು ಹೋಗಿ ಪೂರ್ತಿ ದುಡ್ಡು ಕೊಟ್ಟರು. ಬಸ್ಸು ತೆರಕಣಾಂಬಿ ದಾಟಿದ ಮೇಲೆ ಕಿಟಕಿಯಾಚೆ ನೋಡುತ್ತಾ, "ನಿನ್ ಕತ್ತಿಗೆ ಐದ್ರುಪಾಯಿ ದಂಡ ಕಟ್ಟಿವ್ನಿ," ಎಂದರು. ಅಂದಿನಿಂದ ಅಂಗಡಿ ಬಿಟ್ಟು ಇಳಿದ ಮೇಲೆ ನನ್ನ ಕತ್ತು ತಿರುಗಿಲ್ಲ. ಹೆಂಡತಿ ಸರೋಜ ಹಿಂದೆ ಉಳಿದುಬಿಟ್ಟ ಸಂದರ್ಭಗಳೂ ಇವೆ, ಆಗಲೂ ತಿರುಗಿಲ್ಲ.

ನಯಾಜನ ಅಂಗಡಿಯ ಗೋಡೆಯ ಮೇಲೆ 'ಒಂದೇ ಬೆಲೆ' ಎಂಬ ಬೋರ್ಡಿತ್ತು. ಅಂಥ ಬೋರ್ಡನ್ನು ನಾನು ಚೌಕಾಸಿಗೆ ಆಹ್ವಾನ ಪತ್ರಿಕೆ ಎಂದೇ ಓದಿಕೊಳ್ಳುವವನು. ನಯಾಜ್ ಅಂಗೈಯಷ್ಟಗಲದ, ಬಿಸ್ಕತ್ತಿನಂಥ ತೆಳ್ಳನೆಯ ಡಬ್ಬಿಯನ್ನು ಮುಂದಿಟ್ಟ. ನಾನು ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದೆ.

"ಏನಪ್ಪ, ತೂಕನೇ ಇಲ್ವಲ್ಲ."

"ಎಸ್‌ಎಸ್‌ಡಿಗೆ ತೂಕ ಇರಲ್ಲ ಅಣ್ಣ. ಐದು ಸಾವಿರದ ಇನ್ನೂರು. ಬಿಲ್ಲು, ಮೂರು ವರ್ಷ ವಾರಂಟಿ."

"ಮೂರು ಸಾವಿರ ಮಾಡ್ಕೊ."

"ಆಗಲ್ಲ ಅಣ್ಣ."

"ಮೂರೂವರೆ. ಗುಂಡ್ಲುಪೇಟೆ ಈರುಳ್ಳಿ ಮಂಡಿಯಿಂದ ನಿನ್ನ ಹೆಸರು ಕೇಳ್ಕೊಂಡು ಬಂದಿವ್ನಿ."

"ಅದ್ಕೇ ಅಣ್ಣ ಕುರ್ಚಿ ಕೊಟ್ಟಿರಾದು."

ಇಂಥವನ ಜೊತೆ ಏನು ವ್ಯಾಪಾರ ಮಾಡುತ್ತೀರಿ? "ಟೀ ಕುಡಿದು ಬತ್ತೀನಿ," ಎಂದು ಎದ್ದೆ. ಇಳಿದೆ. ನಡೆದೆ. ಬೆನ್ನೆಲ್ಲ ಕಿವಿಯಾಗಿತ್ತು. ಔಷಧಿ ಅಂಗಡಿ ದಾಟಿತು, ಬೇಕರಿ ದಾಟಿತು, ಕರೆ ಬರಲಿಲ್ಲ. ಬೇಕರಿಯಲ್ಲಿ ನಿಜವಾಗಿಯೂ ಟೀ ಕುಡಿದೆ, ಅವನು ಹುಡುಕಿಕೊಂಡು ಬಂದರೆ ಸುಲಭವಾಗಿ ಸಿಗಲಿ ಎಂದು ಹೊರಗಿನ ಕಟ್ಟೆಯ ಮೇಲೇ ಕೂತೆ. ಅವನು ಬರಲಿಲ್ಲ. ನಾನು ಹೋಗುವ ಹಾಗಿರಲಿಲ್ಲ. ಹೋಗಿದ್ದರೆ ಅಪ್ಪ ಕಟ್ಟಿದ ಐದು ರೂಪಾಯಿ ದಂಡಕ್ಕೆ ಬೆಲೆ ಏನು ಬಂತು?

ಹೀಗೆ ಮುಖ ಊದಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದವನಿಗೆ ಛತ್ರಿಯ ಕೆಳಗೆ ಚಾರ್ಜರು, ಇಯರ್‌ಫೋನು ಹರಡಿಕೊಂಡವನೊಬ್ಬ ಕಂಡ. ಅವನ ಹತ್ತಿರ ಎಸ್‌ಎಸ್‌ಡಿ ಇತ್ತು. ಒಂದಲ್ಲ, ಎರಡು ಟಿಬಿ. ಹೊರಗಿನಿಂದಲೇ ವೈರು ಸಿಕ್ಕಿಸುವಂಥದ್ದು. "ಬದನಗುಪ್ಪೆ ಇಂಡಸ್ಟ್ರಿಯಲ್ ಏರಿಯಾದಿಂದ ಡೈರೆಕ್ಟ್ ಮಾಲು ಯಜಮಾನ್ರೆ," ಎಂದ. ಅಲ್ಲಿ ಯಾರು ಡ್ರೈವು ತಯಾರಿಸುತ್ತಾರೆ ಎಂದು ನಾನು ಕೇಳಲಿಲ್ಲ. ಅಂಗೈಯಲ್ಲಿಟ್ಟು ತೂಗಿದೆ. ತೂಕವೆಂದರೆ ತೂಕ. ಮೂರು ಸಾವಿರ ಎಂದ. ಎಂಟುನೂರು ಎಂದೆ. ಅಯ್ಯೋ ಎಂದು ಎದೆ ಮುಟ್ಟಿಕೊಂಡ. ನಾನು ನಡೆದೆ.

"ಯಜಮಾನ್ರೇ, ಬನ್ನಿ ಬನ್ನಿ."

ಆ ಕರೆಯನ್ನು ಹೇಗೆ ವರ್ಣಿಸಲಿ. ಮೈಗೆ ತಂಪು ನೀರು ಹೊಯ್ದ ಹಾಗಾಯಿತು. ಮತ್ತೆ ಹೋದೆ, ಮತ್ತೆ ಇಳಿಸಿದೆ, ಮತ್ತೆ ನಡೆದೆ, ಮತ್ತೆ ಕರೆದ. ಅಷ್ಟು ಮರ್ಯಾದೆಯಿಂದ ನನ್ನನ್ನು ಈಚೆಗೆ ಯಾರೂ ಕರೆದಿರಲಿಲ್ಲ. ಕೊನೆಗೆ, "ಓಗ್ಲಿ, ನಿಮ್ದೇ ಬೋಣಿ, ಸಾವಿರದ ಮುನ್ನೂರು ಕೊಡಿ," ಎಂದ. ಸಂಜೆ ನಾಲ್ಕು ಗಂಟೆಗೆ ಬೋಣಿ ಮಾಡುವ ವ್ಯಾಪಾರಿ ಎಂಥವನು ಎಂದು ಈರುಳ್ಳಿ ಮಂಡಿಯಲ್ಲಿ ತಲೆ ನರೆಸಿಕೊಂಡ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕಿವಿಯಲ್ಲಿ ಯಜಮಾನ್ರೇ ಎಂಬುದು ತುಂಬಿತ್ತು.

ಮನೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. "ಒಂದು ಕೇಳಿದ್ದೆ, ಎರಡು ತಂದಿವ್ನಿ. ಎಷ್ಟಕ್ಕೆ ಅಂತ ಕೇಳು."

ಚೈತ್ರ ಕೇಳಲಿಲ್ಲ. ಸರೋಜ ಒಳಗಿನಿಂದ, "ಇದ್ಕೆ ಎಷ್ಟು ಚಕ್ರ ಕಮ್ಮಿ ಅಂತೆ?" ಎಂದಳು.

ವೈರು ಸಿಕ್ಕಿಸಿದರೆ ಕಂಪ್ಯೂಟರು ತಾನೇ ತೋರಿಸಿತು, ಎರಡು ಟಿಬಿ, ಪೂರ್ತಿ ಖಾಲಿ. ನಾನು ಸರೋಜಳ ಕಡೆ ನೋಡಿದೆ. ಚೈತ್ರ ಮೊದಲು ಅಂಗಡಿಯನ್ನು ಅದಕ್ಕೆ ಕಾಪಿ ಮಾಡಿ ತೆರೆದಳು. ಅಂಗಡಿ ಬಂತು. ಒಲೆ, ಬೆಂಚು, ಹೂಕುಂಡದ ಲೋಟಗಳು, ಎಲ್ಲವೂ ಇದ್ದಲ್ಲೇ ಇದ್ದವು. ಅವ್ವ ಕಣ್ಣರಳಿಸಿ, "ಜಾಗ ಬದ್ಲಾದ್ರೂ ಅಂಗೇ ಅದೆ," ಎಂದಳು.

"ಇನ್ನೇನು, ಹಳೇದ್ರಲ್ಲಿ ಇರಾದ ಅಳಿಸಮ್ಮಿ. ಜಾಗ ಆಯ್ತದೆ," ಎಂದೆ ನಾನು.

ಅವಳ ಬೆರಳು ಅಳಿಸುವ ಕೀಲಿಯ ಮೇಲೆ ಇತ್ತು. ಒತ್ತಲಿಲ್ಲ.

"ಅಪ್ಪ, ಮಂಡಿಯಲ್ಲಿ ಮೂಟೆ ತಗೊಳ್ಳುವಾಗ ನೀನು ಏನು ಮಾಡ್ತೀಯ?"

ಏನು ಮಾಡುತ್ತೇನೆ ಎಂಬುದು ಊರಿಗೇ ಗೊತ್ತು. ನಾನು ಮೊದಲ ಸಲ ಕೊಂಡ ಮೂಟೆಯಲ್ಲಿ ಮೇಲೆ ಕೆಂಪಗೆ ಗುಂಡುಗುಂಡನೆಯ ಈರುಳ್ಳಿ, ತಳದಲ್ಲಿ ಮೊಳಕೆ ಒಡೆದು ಕೊಳೆತದ್ದು ಇತ್ತು. ಅಂದಿನಿಂದ ಯಾವ ಮೂಟೆಯಾದರೂ ಬಾಯಿ ಬಿಚ್ಚಿಸಿ, ಭುಜದವರೆಗೆ ತೋಳು ತೂರಿಸಿ, ತಳದ್ದನ್ನು ಹಿಡಿದು ಮೇಲೆ ತರುತ್ತೇನೆ. ಚೈತ್ರ ಚಿಕ್ಕವಳಿದ್ದಾಗ ಭಾನುವಾರ ಮಂಡಿಗೆ ಬಂದರೆ ಅವಳಿಂದಲೂ ಮಾಡಿಸುತ್ತಿದ್ದೆ. ಅವಳ ಫ್ರಾಕಿನ ತೋಳು ಸೋಮವಾರದವರೆಗೂ ನಾರುತ್ತಿತ್ತು.

"ತಳಕ್ಕೆ ಕೈ ಹಾಕ್ತೀನಿ," ಎಂದೆ.

"ಹಾಗಾದ್ರೆ ತಡಿ."

ಅವಳು ಅಂಗಡಿಯ ಮೇಲೆ ಗೇಮುಗಳನ್ನೂ ಸಿನಿಮಾಗಳನ್ನೂ ತುಂಬಿದಳು, ಸರೋಜಳ ತಮ್ಮನ ಮದುವೆ ವಿಡಿಯೋವನ್ನೂ ಬಿಡಲಿಲ್ಲ. ಶುರುವಿನಲ್ಲಿ ಸರಸರ ಹೋಯಿತು, ಆಮೇಲೆ ತೆವಳಿತು. ನಾನು ಮಂಡಿಗೆ ಹೋಗಿ ಬಂದರೂ ತೆವಳುತ್ತಲೇ ಇತ್ತು. ಕೊನೆಗೆ ಎಲ್ಲವೂ ಸೇರಿದೆ ಎಂದು ಕಂಪ್ಯೂಟರು ಹೇಳಿತು. ಇನ್ನೂ ಬೇಕಾದಷ್ಟು ಜಾಗ ಇದೆ ಎಂದೂ ಹೇಳಿತು. ಅವ್ವ ಸ್ಟೂಲಿನ ಮೇಲೆ ಬಂದು ಕೂತಿದ್ದಳು. ಚೈತ್ರ ಹೊಸ ಡ್ರೈವಿನಿಂದ ಮತ್ತೆ ಅಂಗಡಿಯನ್ನು ತೆರೆಯಲು ಹೋದಳು.

ತೆರೆಯಲಿಲ್ಲ. ಈ ಫೈಲನ್ನು ಓದಲಾಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಮತ್ತೊಮ್ಮೆ ಒತ್ತಿದಳು. ಅದೇ ಬಂತು.

ಅವ್ವನಿಗೆ ಇಂಗ್ಲಿಷು ಬಾರದು. ಪರದೆಯಲ್ಲಿ ಅಂಗಡಿ ಇಲ್ಲ ಎಂಬುದಷ್ಟೇ ಅವಳಿಗೆ ಕಂಡದ್ದು. ಮೆಲ್ಲಗೆ ಕೇಳಿದಳು: "ಮತ್ತೆ ಕೆಡವುದ್ರಾ?"

ನಾನು ಹೇಳಿದಾಗಲೇ ಚೈತ್ರ ಆ ಕೀಲಿಯನ್ನು ಒತ್ತಿಬಿಟ್ಟಿದ್ದರೆ, ಈ ಸಲ ಜೆಸಿಬಿಯ ಮೇಲೆ ಕೂತವನು ನಾನೇ ಆಗಿರುತ್ತಿದ್ದೆ. ಅದೂ ಮೂರು ಸಾವಿರದ ಒಂಬೈನೂರು ಉಳಿತಾಯವಾಯಿತೆಂಬ ಖುಷಿಯಲ್ಲಿ.

"ಇಲ್ಲ ಅಜ್ಜಿ, ಹಳೇದ್ರಲ್ಲಿ ಇದೆ," ಎಂದು ಚೈತ್ರ ಹಳೆಯ ಡ್ರೈವಿನಿಂದ ತೆರೆದು ತೋರಿಸಿದಳು. ಅವ್ವ ಒಲೆ ನೋಡಿ, ಬೆಂಚು ನೋಡಿ, ಕುಂಡಗಳನ್ನು ಒಂದೊಂದಾಗಿ ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನೀನು ಇನ್ಮೇಲೆ ಈ ರೂಮ್ಗೆ ಬರ್ಬ್ಯಾಡ ಕಣ್ಲಾ ಮಾದೇವ," ಎಂದಳು.

ನಾನು ಆ ಎರಡು ಟಿಬಿಯನ್ನು ಹೊರಗೆ ಜಗಲಿಗೆ ಒಯ್ದು ಚಾಕುವಿನಿಂದ ಬಾಯಿ ಬಿಚ್ಚಿದೆ. ಒಳಗೆ ಫೋನಿಗೆ ಹಾಕುವ ಉಗುರಿನಷ್ಟಗಲದ ಮೆಮೊರಿ ಕಾರ್ಡು. ಉಳಿದ ಜಾಗದಲ್ಲಿ ಒಂದು ಕಬ್ಬಿಣದ ತುಂಡು, ಅಂಟು ಹಾಕಿ ಕೂರಿಸಿದ್ದು. ಆ ಕಾರ್ಡು ತುಂಬಿದ ಮೇಲೆ ಹೊಸ ಸರಕು ಬಂದರೆ, ಹಳೆಯದರ ಮೇಲೇ ಬರೆದುಕೊಂಡು ಹೋಗುತ್ತದಂತೆ, ಬಾಯಲ್ಲಿ ಮಾತ್ರ ಎಲ್ಲ ಸೇರಿದೆ ಎನ್ನುತ್ತದಂತೆ. ನನಗೆ ಉರಿದದ್ದು ಕಾರ್ಡಿಗಲ್ಲ, ಕಬ್ಬಿಣಕ್ಕೆ. ಗುಂಡ್ಲುಪೇಟೆಯನ್ನು ಕಂಡೇ ಇಲ್ಲದ ಯಾವನೋ ಒಬ್ಬ, ಎಲ್ಲೋ ಕೂತು, ಇಂಥದ್ದೊಂದು ಪ್ರಾಣಿ ಬರುತ್ತದೆ, ಅಂಗೈಯಲ್ಲಿಟ್ಟು ತೂಗುತ್ತದೆ, ಮಾಲು ಗಟ್ಟಿ ಎಂದು ತಲೆದೂಗುತ್ತದೆ ಎಂದು ನನ್ನನ್ನು ಮೊದಲೇ ತೂಗಿಟ್ಟಿದ್ದ.

ಮತ್ತೆ ಚಾಮರಾಜನಗರಕ್ಕೆ ಹೋಗಲು ಒಂದು ವಾರ ಬೇಕಾಯಿತು. ಕಾಲಿಗೆ ಏನೂ ಆಗಿರಲಿಲ್ಲ, ಕತ್ತು ತಿರುಗಬೇಕಿತ್ತು. ಛತ್ರಿಯವನು ಇದ್ದ ಜಾಗದಲ್ಲಿ ಕಡಲೆಕಾಯಿ ಮಾರುವವಳು ಕೂತಿದ್ದಳು. ನಯಾಜ್ ನನ್ನನ್ನು ನೋಡಿ ಕುರ್ಚಿ ಎಳೆದ.

"ಬನ್ನಿ ಅಣ್ಣ. ಟೀ ಕುಡ್ಕೊಂಡು ಬತ್ತೀನಿ ಅಂದ್ರಿ. ದೊಡ್ಡ ಲೋಟ ಇತ್ತೇನೋ."

"ಅದೇ ಒಂದು ಟಿಬಿ ಕೊಡಪ್ಪ."

"ಐದು ಸಾವಿರದ ಎಂಟುನೂರು."

"ಆವತ್ತು ಐದು ಇನ್ನೂರು ಅಂದಿದ್ದೆ."

"ರೇಟು ಮೇಲಿಂದಾನೆ ಏರಿದೆ ಅಣ್ಣ. ಈರುಳ್ಳಿ ರೇಟು ನೀವು ಏರ್ಸಾಗ ನಾನು ಯಾಕೆ ಅಂತ ಕೇಳಿದ್ನಾ?"

ಜೀವಮಾನದಲ್ಲಿ ಮೊದಲ ಬಾರಿಗೆ ಹೇಳಿದಷ್ಟು ಕೊಟ್ಟೆ. ಬಿಲ್ಲು ಬರೆಸಿಕೊಂಡೆ, ರಸ್ತೆಗಿಳಿದೆ. ಔಷಧಿ ಅಂಗಡಿ ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

"ಅಣ್ಣಾ, ಬನ್ನಿ ಇಲ್ಲಿ."

ಕೊನೆಗೂ ಕರೆದ. ಬೋರ್ಡು ಹಾಕಿಕೊಂಡವನೂ ಕರೆದ. ಮುನ್ನೂರೋ ನಾಲ್ಕುನೂರೋ ವಾಪಸು ಕೊಡುತ್ತಾನೆ ಎಂದುಕೊಂಡು ಪೂರ್ತಿ ಕತ್ತು ತಿರುಗಿಸಿದೆ. ನಯಾಜ್ ಒಂದು ಚಿಕ್ಕ ಪ್ಲಾಸ್ಟಿಕ್ ಪೊಟ್ಟಣ ಎತ್ತಿ ತೋರಿಸುತ್ತಿದ್ದ. "ಸ್ಕ್ರೂ ಬುಟ್ಟೋದ್ರಿ."

ಸ್ಕ್ರೂ ಪುಕ್ಕಟೆ. ಮನೆಯಲ್ಲಿ ನಾನು ಅದನ್ನು ಚೌಕಾಸಿ ಮಾಡಿ ತಂದದ್ದು ಎಂದೇ ಹೇಳಿದ್ದೇನೆ.

ಇಷ್ಟೆಲ್ಲ ಖರ್ಚು ಮಾಡಿ ಕಲಿತದ್ದನ್ನು ನಿಮಗೆ ಪುಕ್ಕಟೆ ಕೊಡುತ್ತೇನೆ, ಇಟ್ಟುಕೊಳ್ಳಿ. ಆಡುವ ಗೇಮಿಗೆ ಎಸ್‌ಎಸ್‌ಡಿಯನ್ನೇ ತನ್ನಿ. ದುಡ್ಡು ಸಾಲದಿದ್ದರೆ ಐನೂರು ಜಿಬಿಯದನ್ನು ತನ್ನಿ, ಆಡದೆ ಬಿದ್ದಿರುವ ಗೇಮು, ಸಿನಿಮಾಗಳಿಗೆ ಹಾರ್ಡ್ ಡಿಸ್ಕ್ ಸಾಕು. ಆದರೆ ಅಗ್ಗಕ್ಕೆ ಸಿಗುತ್ತದೆಂದು ಯಾರದೋ ಸಿಸಿಟಿವಿಯಲ್ಲಿ ಹಗಲೂ ರಾತ್ರಿ ತಿರುಗಿ ಸುಸ್ತಾದ ಹಾರ್ಡ್ ಡಿಸ್ಕನ್ನು ಒರೆಸಿ ಹೊಸದೆಂದು ಕೊಟ್ಟರೆ ಮುಟ್ಟಬೇಡಿ. ಎಷ್ಟು ಗಂಟೆ ಓಡಿದೆ ಎಂದು ಕಂಪ್ಯೂಟರಿನಲ್ಲೇ ನೋಡಬಹುದು, ಹಳೇ ಲಾರಿಯ ಮೀಟರು ನೋಡುವ ಹಾಗೆ. ಮೀಟರನ್ನು ಹಿಂದಕ್ಕೆ ತಿರುಗಿಸುವವರೂ ಇದ್ದಾರೆ, ಲಾರಿಯಲ್ಲೂ ಇದರಲ್ಲೂ. ನಿಮ್ಮ ಕಂಪ್ಯೂಟರಿಗೆ ಯಾವ ಥರದ್ದು ಕೂರುತ್ತದೆ ಎಂದು ಒಳಗಿನ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ. ಒಂದು ಟಿಬಿಯ ಬೆಲೆಯಲ್ಲಿ ಕಾಲು ಭಾಗಕ್ಕೆ ಎರಡು ಟಿಬಿ ಕೊಡುವವನು ನಿಮ್ಮನ್ನು ಯಜಮಾನ್ರೇ ಎಂದರೆ ಜೇಬು ಮುಟ್ಟಿ ನೋಡಿಕೊಳ್ಳಿ. ಬಿಲ್ಲು ಕೊಡುವವನು ಕರೆಯದಿದ್ದರೆ ನೀವೇ ತಿರುಗಿ ನೋಡಿ, ಕತ್ತು ಮುರಿಯುವುದಿಲ್ಲ, ನನ್ನದು ಮುರಿದಿಲ್ಲ. ತೂಕ ನೋಡಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ತಂದ ಡ್ರೈವು ಎಂಥದ್ದೇ ಇರಲಿ, ಮೊದಲು ಬಾಯಿ ತನಕ ತುಂಬಿ, ಆಮೇಲೆ ತಳಕ್ಕೆ ಕೈ ಹಾಕಿ ಮೊದಲು ಹಾಕಿದ್ದನ್ನು ಹೊರಗೆ ತೆಗೆದು ನೋಡಿ. ಅದು ಇದ್ದ ಹಾಗೇ ಬಂದ ಮೇಲೂ ಹಳೆಯದರಲ್ಲಿ ಇರುವುದನ್ನು ಅಳಿಸುವ ಆತುರ ಬೇಡ, ಇನ್ನೊಂದು ಕಡೆಯೂ ಒಂದು ಪ್ರತಿ ಇರಲಿ. ನಮ್ಮ ಮನೆಯಲ್ಲಿ ಈಗ ಅಂಗಡಿ ಎರಡು ಕಡೆ ಇದೆ. ಒಂದರಲ್ಲಿ ಅವ್ವ ಹೊಸದಾಗಿ ಇನ್ನೊಂದು ಬೆಂಚು ಹಾಕಿಸುತ್ತಿದ್ದಾಳೆ, ಇನ್ನೊಂದನ್ನು ಚೈತ್ರ ಬೀಗ ಹಾಕಿ ಇಟ್ಟಿದ್ದಾಳೆ. ಒಂದು ಸಲ ಕೆಡವಿಸಿಕೊಂಡವರು ನಾವು. ಅಷ್ಟು ಸಾಕು.